ಸ್ಕೈರಿಮ್‌ಗೆ ಮರಳುವವರೇ, ಮೊದಲು ಕಂಟಿನ್ಯೂ ಒತ್ತಬೇಡಿ

ನಾಲ್ಕೈದು ವರ್ಷ ಬಿಟ್ಟು ಸ್ಕೈರಿಮ್ ಎಂಬ ವಿಡಿಯೋ ಗೇಮ್ ಮತ್ತೆ ಇನ್‌ಸ್ಟಾಲ್ ಮಾಡಿದವರ ಕೈ ತಾನಾಗಿಯೇ ಕಂಟಿನ್ಯೂ ಕಡೆ ಹೋಗುತ್ತದೆ. ಒತ್ತಿದರೆ ಸಿಗುವುದೇನು? ಯಾವುದೋ ಡ್ವೆಮರ್ ಹಾಳುಕೋಟೆಯ ನಟ್ಟನಡುವೆ ನಿಂತ 40ನೇ ಲೆವೆಲ್‌ನ ಪಾತ್ರ, ಹೆಗಲ ಮೇಲೆ ಹೊರಲಾರದ ಹೊರೆ, ಅರ್ಧಂಬರ್ಧ ಉಳಿದ ಕ್ವೆಸ್ಟ್‌ಗಳ, ಅಂದರೆ ಗೇಮ್ ಒಪ್ಪಿಸಿದ ಕೆಲಸಗಳ, ಉದ್ದನೆಯ ಪಟ್ಟಿ. ಶೌಟ್ ಎಂಬ ಕೂಗಿನ ಶಕ್ತಿ ಯಾವ ಕೀಲಿಯಲ್ಲಿತ್ತು ಅನ್ನುವುದೂ ನೆನಪಿರುವುದಿಲ್ಲ. ಮಾಡ್, ಅಂದರೆ ಗೇಮ್ ಬದಲಿಸುವ ಸೇರ್ಪಡೆ, ಹಾಕಿಕೊಂಡಿದ್ದವರಿಗಾದರೆ ಅಷ್ಟೂ ಸಿಗುವುದಿಲ್ಲ. ಸೇವ್, ಅಂದರೆ ಉಳಿಸಿಟ್ಟ ಆಟ, ಲೋಡ್ ಆಗುವ ಮೊದಲೇ ಗೇಮ್ ಮುಚ್ಚಿಕೊಂಡು ಡೆಸ್ಕ್‌ಟಾಪ್ ಎದುರಾಗುತ್ತದೆ.

ನೀವು ಬಿಟ್ಟು ಹೋದದ್ದು ಒಂದು ಸ್ಕೈರಿಮ್, ಈಗ ಡೌನ್‌ಲೋಡ್ ಆಗಿರುವುದು ಇನ್ನೊಂದು. ಆದ್ದರಿಂದ ಯಾವ ಮಾಡ್ ಹಾಕಲಿ, ಯಾವ ಕುಲದ ಪಾತ್ರ ಮಾಡಲಿ ಅನ್ನುವುದೆಲ್ಲ ಆಮೇಲೆ. ಮೊದಲು ತೀರ್ಮಾನವಾಗಬೇಕಾದದ್ದು ಎರಡೇ: ಯಾವ ವರ್ಷನ್ ಮೇಲೆ ಆಡುತ್ತೀರಿ, ಹಳೆಯ ಸೇವ್ ಉಳಿಸಿಕೊಳ್ಳುತ್ತೀರೋ ಇಲ್ಲವೋ. ಇವೆರಡು ಗಟ್ಟಿಯಾಗದೆ ಮಾಡ್ ಗುಡ್ಡೆ ಹಾಕಿದವರು ವಾರವಿಡೀ ಕ್ರ್ಯಾಶ್ ಹುಡುಕುತ್ತ ಕೂತು, ಆಟ ಶುರುವಾಗುವ ಊರು ಹೆಲ್ಗೆನ್ ಕೂಡ ದಾಟದೆ ಗೇಮ್ ಅಳಿಸಿಬಿಡುತ್ತಾರೆ. ಇಲ್ಲಿ ಹೇಳುತ್ತಿರುವುದು ಪಿಸಿಯ ಮಾತು. ಕನ್ಸೋಲ್‌ನಲ್ಲಿ ಆಡುವವರು ಕೊನೆಯ ಭಾಗಕ್ಕೆ ಜಿಗಿಯಬಹುದು.

ವರ್ಷನ್ ಅನ್ನುವ ತಲೆನೋವು

ಮೂಲ ಸ್ಕೈರಿಮ್ ಬಂದದ್ದು 2011ರ ನವೆಂಬರ್ 11ರಂದು. ಅದು 32 ಬಿಟ್ ಗೇಮ್. 2016ರ ಅಕ್ಟೋಬರ್ 28ರಂದು ಬಂದ ಸ್ಪೆಷಲ್ ಎಡಿಷನ್ 64 ಬಿಟ್. ಇವೆರಡೂ ಬೇರೆ ಬೇರೆ ಗೇಮ್ ಎಂದೇ ತಿಳಿಯಿರಿ. ಮೂಲ ಗೇಮ್‌ನ ಮಾಡ್‌ಗಳನ್ನು ಹಾಗೆಯೇ ಎತ್ತಿ ಸ್ಪೆಷಲ್ ಎಡಿಷನ್‌ಗೆ ಹಾಕಿದರೆ ಅನಿಮೇಷನ್ ಇರುವ ಕಡೆ ಗೇಮ್ ಬೀಳುತ್ತದೆ, ಕೆಲವು ವಸ್ತುಗಳ ಮೆಶ್, ಅಂದರೆ ಆಕಾರದ ಚೌಕಟ್ಟು, ಕೆಡುತ್ತದೆ, ಏಕೆಂದರೆ ಫೈಲ್‌ಗಳ ಒಳರಚನೆಯೇ ಬದಲಾಗಿದೆ. ಇವತ್ತು ಹೊಸದಾಗಿ ಶುರು ಮಾಡುವವರು 2011ರದ್ದನ್ನು ಮುಟ್ಟುವ ಅಗತ್ಯವಿಲ್ಲ.

ಆನಿವರ್ಸರಿ ಎಡಿಷನ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. 2021ರ ನವೆಂಬರ್ 11ರಂದು ಬಂದ ಅದು ಬೇರೆ ಗೇಮ್ ಅಲ್ಲ, ಸ್ಪೆಷಲ್ ಎಡಿಷನ್ ಮೇಲೆ ಹಣ ಕೊಟ್ಟು ಕೊಳ್ಳುವ ಹೆಚ್ಚುವರಿ ಸಾಮಗ್ರಿಯ ಕಟ್ಟು. ಕೊಳ್ಳದವರಿಗೂ ಗೇಮ್ ಮಾತ್ರ 1.5.97ರಿಂದ 1.6ಕ್ಕೆ ಏರಿತು, ಜೊತೆಗೆ ಫಿಶಿಂಗ್, ಸರ್ವೈವಲ್ ಮೋಡ್, ರೇರ್ ಕ್ಯೂರಿಯೋಸ್, ಸೇಂಟ್ಸ್ ಅಂಡ್ ಸೆಡ್ಯೂಸರ್ಸ್ ಈ ನಾಲ್ಕು ಉಚಿತವಾಗಿ ಸಿಕ್ಕವು. ನಂತರ 2023ರ ಡಿಸೆಂಬರ್‌ನಲ್ಲಿ 1.6.1130 ಬಂದು ಮುಖ್ಯ ಮೆನುವಿಗೆ ಮಾಡ್‌ಗಳು ಸಿಗುವ ಕ್ರಿಯೇಷನ್ಸ್ ಭಾಗ ಸೇರಿತು. 2024ರ ಜನವರಿಯಲ್ಲಿ 1.6.1170 ಬಂತು.

ಈ ಅಂಕಿಗಳಿಗೆ ಯಾಕಿಷ್ಟು ಮಹತ್ವ? ದೊಡ್ಡ ಮಾಡ್‌ಗಳಲ್ಲಿ ಬಹುಪಾಲು ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಮೇಲೆ, ಅಂದರೆ ಎಸ್‌ಕೆಎಸ್‌ಇ ಮೇಲೆ ನಿಂತಿವೆ. ಅದು ಗೇಮ್‌ನ ಕೋಡ್ ಮೆಮೊರಿಯಲ್ಲಿ ಎಲ್ಲಿ ಕೂತಿದೆ ಅನ್ನುವ ವಿಳಾಸ ಹಿಡಿದು ಕೆಲಸ ಮಾಡುತ್ತದೆ. ಗೇಮ್ ಅಪ್‌ಡೇಟ್ ಆದರೆ ಆ ವಿಳಾಸಗಳು ಸರಿದುಹೋಗುತ್ತವೆ. ಗೇಮ್ ಒಂದು ವರ್ಷನ್, ಎಸ್‌ಕೆಎಸ್‌ಇ ಇನ್ನೊಂದು ವರ್ಷನ್ ಆದರೆ ಎತ್ತು ಏರಿಗೆ, ಕೋಣ ನೀರಿಗೆ. 1.5.97ಕ್ಕೆ ಬೇಕಾದದ್ದು ಎಸ್‌ಕೆಎಸ್‌ಇ 2.0.20, 1.6.640ಕ್ಕೆ 2.2.3, 1.6.1170ಕ್ಕೆ 2.2.6. ಗೇಮ್ ಅನ್ನು ಸ್ಟೀಮ್ ಬದಲು ಜಿಒಜಿ ಎಂಬ ಆನ್‌ಲೈನ್ ಮಳಿಗೆಯಲ್ಲಿ ಕೊಂಡವರಿಗೆ ಎಸ್‌ಕೆಎಸ್‌ಇ ಬೇರೆಯದೇ ಇದೆ, ಸ್ಟೀಮ್‌ನದ್ದು ಅಲ್ಲಿ ನಡೆಯುವುದಿಲ್ಲ.

ನಿಮ್ಮ ವರ್ಷನ್ ತಿಳಿಯಲು ಗೇಮ್ ಫೋಲ್ಡರ್‌ನಲ್ಲಿ ಸ್ಕೈರಿಮ್‌ಎಸ್‌ಇ ಅನ್ನುವ ಎಕ್ಸಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅಲ್ಲಿಂದ ಡೀಟೇಲ್ಸ್ ನೋಡಿ. ಊಹೆ ಬೇಡ.

ಹಾಗಾದರೆ ಯಾವುದು? ಹೊಸದಾಗಿ ಶುರು ಮಾಡುವವರು 1.6.1170ರಲ್ಲೇ ಇರಲಿ. 1.5.97ಕ್ಕೆ ಇಳಿಸುವ ಪ್ಯಾಚರ್‌ಗಳು ಸಿಗುತ್ತವೆ, ಹಳಬರಲ್ಲಿ ಅದೇ ಸರಿ ಅನ್ನುವವರೂ ಇದ್ದಾರೆ. ಒಂದು ಕಾಲಕ್ಕೆ ಅವರ ಮಾತಿನಲ್ಲಿ ಹುರುಳಿತ್ತು. ಈಗ ಮುಖ್ಯ ಮಾಡ್‌ಗಳೆಲ್ಲ ಹೊಸದಕ್ಕೆ ಬಂದಾಗಿದೆ. ಹಳೆಯದರಲ್ಲಿ ಉಳಿದವರಿಗೆ ಇನ್ನೊಂದು ತೊಡಕು: ಪ್ಲಗಿನ್ ಅಂದರೆ ಮಾಡ್‌ನ ಮುಖ್ಯ ಫೈಲ್; ಅದರ ಹಗುರ ರೂಪವಾದ ಲೈಟ್ ಪ್ಲಗಿನ್ ಒಂದರಲ್ಲಿ ಹಿಡಿಸುವ ಹೊಸ ದಾಖಲೆಗಳ ಮಿತಿ 1.6.1130ರಲ್ಲಿ 2048ರಿಂದ 4096ಕ್ಕೆ ಏರಿತು. ಹೊಸ ಲೆಕ್ಕದಲ್ಲಿ ಮಾಡಿದ ಪ್ಲಗಿನ್ ಹಳೆಯ ಗೇಮ್‌ಗೆ ಅರ್ಥವಾಗುವುದಿಲ್ಲ. ಅದಕ್ಕಾಗಿ ಬೀಸ್ ಎಂಬ ಇನ್ನೊಂದು ಮಾಡ್ ಬೇಕು. ಒಂದನ್ನು ಸರಿಮಾಡಲು ಇನ್ನೊಂದು, ಅದಕ್ಕೆ ಮತ್ತೊಂದು. ಹಳೆಯ ಸೇವ್ 1.5.97ರದ್ದಾಗಿದ್ದು, ಅದರ ಮಾಡ್ ಫೋಲ್ಡರ್ ಇಡಿಯಾಗಿ ಹಾರ್ಡ್ ಡಿಸ್ಕ್‌ನಲ್ಲಿ ಉಳಿದಿದ್ದರೆ ಮಾತ್ರ ಇಳಿಸುವುದಕ್ಕೆ ಅರ್ಥವಿದೆ.

ಯಾವುದನ್ನೇ ಆರಿಸಿ, ಆರಿಸಿದ ಮೇಲೆ ಬೀಗ ಹಾಕಿ. ಸ್ಟೀಮ್‌ನಲ್ಲಿ ಗೇಮ್‌ನ ಪ್ರಾಪರ್ಟೀಸ್ ತೆರೆದು ಅಪ್‌ಡೇಟ್ಸ್ ಭಾಗದಲ್ಲಿ, ಗೇಮ್ ಶುರು ಮಾಡಿದಾಗ ಮಾತ್ರ ಅಪ್‌ಡೇಟ್ ಆಗಲಿ ಅನ್ನುವ ಆಯ್ಕೆ ಇಡಿ. ಆಮೇಲೆ ಸ್ಟೀಮ್‌ನ ಪ್ಲೇ ಬಟನ್ ಮುಟ್ಟಬೇಡಿ. ಯಾವಾಗಲೂ ಎಸ್‌ಕೆಎಸ್‌ಇ ಲೋಡರ್‌ನಿಂದಲೇ, ಅದೂ ಮಾಡ್‌ಗಳನ್ನು ಹಾಕಿ ತೆಗೆಯುವ ಸಾಧನವಾದ ಮಾಡ್ ಮ್ಯಾನೇಜರ್ ಮೂಲಕ ಶುರು ಮಾಡಿ. ಎಕ್ಸಿ ಫೈಲ್‌ನ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಂಡಿರುವುದು ಜಾಣತನ.

ಹಳೆಯ ಸೇವ್: ಉಳಿಸಬೇಕೇ?

ಸೇವ್‌ಗಳು ಇರುವುದು ಡಾಕ್ಯುಮೆಂಟ್ಸ್ ಒಳಗೆ ಮೈ ಗೇಮ್ಸ್, ಅದರೊಳಗೆ ಸ್ಕೈರಿಮ್ ಸ್ಪೆಷಲ್ ಎಡಿಷನ್, ಅದರೊಳಗೆ ಸೇವ್ಸ್. ಏನೇ ಮಾಡುವ ಮೊದಲು ಆ ಫೋಲ್ಡರ್ ಇಡೀ ನಕಲು ಮಾಡಿಡಿ. ಒಂದೊಂದು ಸೇವ್‌ಗೂ ಎರಡು ಫೈಲ್ ಇರುವುದನ್ನು ಗಮನಿಸಿ: ಒಂದು ಗೇಮ್‌ನದ್ದು, ಅದೇ ಹೆಸರಿನ ಇನ್ನೊಂದು ಎಸ್‌ಕೆಎಸ್‌ಇಯದ್ದು. ಮಾಡ್‌ಗಳು ತಮ್ಮ ಲೆಕ್ಕಪತ್ರ ಬರೆದಿಡುವುದು ಈ ಎರಡನೆಯದರಲ್ಲಿ. ಒಂದನ್ನು ನಕಲು ಮಾಡಿ ಇನ್ನೊಂದನ್ನು ಬಿಟ್ಟವರು, ಅಥವಾ ಎಸ್‌ಕೆಎಸ್‌ಇ ಇಲ್ಲದೆ ಗೇಮ್ ತೆರೆದು ಸೇವ್ ಮಾಡಿದವರು, ಆ ಲೆಕ್ಕ ಕಳೆದುಕೊಳ್ಳುತ್ತಾರೆ. ಪಾತ್ರ ಮೇಲ್ನೋಟಕ್ಕೆ ಚೆನ್ನಾಗಿಯೇ ಇರುತ್ತದೆ, ಒಳಗೆ ಮಾಡ್‌ಗಳು ಮರೆವು ಹಿಡಿದವರಂತೆ ವರ್ತಿಸುತ್ತವೆ. ಮೆನು ಬದಲಿಸುವ ಸ್ಕೈಯುಐ ಮಾಡ್ ಹಾಕಿದ್ದರೆ ಪರದೆಯ ಮೇಲೆ ಎರರ್ ಕೋಡ್ 1 ಅಂತ ಬರುತ್ತದೆ. ಅದು ಬಂದರೆ ಎಸ್‌ಕೆಎಸ್‌ಇ ಓಡುತ್ತಿಲ್ಲ ಅಂತಲೇ ಅರ್ಥ. ಆಗ ಸೇವ್ ಮಾಡದೆ ಹೊರಬನ್ನಿ.

ಸೇವ್ ತೆರೆಯುವಾಗ ಕೆಲವು ಸಾಮಗ್ರಿ ಈಗ ಇಲ್ಲ, ಆದರೂ ಮುಂದುವರಿಯಲೇ ಎಂದು ಗೇಮ್ ಕೇಳುತ್ತದೆ. ಹೂಂ ಅಂದರೆ ತೆರೆದುಕೊಳ್ಳುವುದೂ ಉಂಟು. ಅಪಾಯ ಇರುವುದು ಅಲ್ಲೇ. ಪ್ಲಗಿನ್ ತೆಗೆದರೂ ಅದರ ಸ್ಕ್ರಿಪ್ಟ್‌ಗಳ ಚೂರುಗಳು ಸೇವ್ ಒಳಗೆ ಉಳಿದಿರುತ್ತವೆ. ತಾವು ಹುಡುಕುವ ವಸ್ತು ಸಿಗದೆ ಅವು ಒದ್ದಾಡುತ್ತಿರುತ್ತವೆ. ಮೊದಲ ಹತ್ತು ಗಂಟೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಕ್ವೆಸ್ಟ್ ಮುಂದೆ ಹೋಗುವುದಿಲ್ಲ, ಸೇವ್ ಮಾಡುವಾಗಲೇ ಗೇಮ್ ಬೀಳುತ್ತದೆ. ಅಷ್ಟರಲ್ಲಿ ಕೆಟ್ಟಿದ್ದೆಲ್ಲಿ ಎಂದು ಹೇಳಲು ಯಾರಿಂದಲೂ ಆಗದು.

ತೀರ್ಮಾನಕ್ಕೆ ಬರಲು ಒಳ್ಳೆಯ ಸಾಧನ ರೀಸೇವರ್. ಫಾಲ್‌ರಿಮ್ ಟೂಲ್ಸ್ ಕಟ್ಟಿನಲ್ಲಿ ಬರುತ್ತದೆ. ಅದರಲ್ಲಿ ಸೇವ್ ತೆರೆದರೆ ಆ ಪಾತ್ರ ಆಡುತ್ತಿದ್ದಾಗ ಯಾವ ಯಾವ ಪ್ಲಗಿನ್ ಇದ್ದವು ಎಂಬ ಪಟ್ಟಿ ಸಿಗುತ್ತದೆ. ನೀವು ಮರೆತದ್ದು ಸೇವ್‌ಗೆ ನೆನಪಿದೆ. ಆ ಪಟ್ಟಿಯನ್ನು ಅದೇ ಅನುಕ್ರಮದಲ್ಲಿ ಮತ್ತೆ ಕಟ್ಟಲು ಸಾಧ್ಯವಾದರೆ ಹಳೆಯ ಪಾತ್ರ ಉಳಿಸಿ. ಬರೀ ಟೆಕ್ಸ್ಚರ್, ಮೆಶ್ ಬದಲಿಸುವ ಮಾಡ್ ಇಲ್ಲದಿದ್ದರೆ ಚಿಂತೆಯಿಲ್ಲ, ಅವು ಸೇವ್‌ನಲ್ಲಿ ಬೇರೂರುವುದಿಲ್ಲ. ಹೊಸ ಊರು, ಹೊಸ ಸಂಗಡಿಗರು, ಯುದ್ಧದ ರೀತಿ ಬದಲಿಸುವಂಥವು ಕಾಣೆಯಾಗಿದ್ದರೆ ಆ ಸೇವ್‌ಗೆ ಕೈಮುಗಿದು ಹೊಸದು ಶುರು ಮಾಡುವುದು ಮೇಲು. ರೀಸೇವರ್‌ನಲ್ಲಿ ಸ್ಕ್ರಿಪ್ಟ್ ಕಸ ಗುಡಿಸುವ ಬಟನ್ ಇದೆ ನಿಜ. ಅದು ಕಸ ಗುಡಿಸುತ್ತದೆ, ಬಿದ್ದ ಗೋಡೆ ಕಟ್ಟುವುದಿಲ್ಲ.

ಮಾಡ್ ಇಲ್ಲದ ಶುದ್ಧ ಸೇವ್ ಆಗಿದ್ದರೆ ಇಷ್ಟೆಲ್ಲ ಪಾಡಿಲ್ಲ. ಹಳೆಯ ವರ್ಷನ್‌ನಿಂದ ಹೊಸದಕ್ಕೆ ಸಲೀಸಾಗಿ ಬರುತ್ತದೆ. ಹೊಸದರಲ್ಲಿ ಮಾಡಿದ ಸೇವ್ ಹಿಂದಕ್ಕೆ ಒಯ್ಯುವ ಸಾಹಸ ಮಾತ್ರ ಬೇಡ.

ಇನ್‌ಸ್ಟಾಲ್ ಮಾಡುವಾಗ

ಗೇಮ್ ಅನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ನಲ್ಲಿ ಇಡಬೇಡಿ. ಅಲ್ಲಿ ಬರೆಯಲು ವಿಂಡೋಸ್ ಅಡ್ಡಗಾಲು ಹಾಕುತ್ತದೆ, ಮಾಡ್ ಸಾಧನಗಳು ಸದ್ದಿಲ್ಲದೆ ಸೋಲುತ್ತವೆ. ಎಸ್‌ಎಸ್‌ಡಿಯಲ್ಲಿ ಬೇರೆ ಸ್ಟೀಮ್ ಲೈಬ್ರರಿ ಮಾಡಿ ಹಾಕಿ. ಇನ್‌ಸ್ಟಾಲ್ ಆದಮೇಲೆ ಒಂದೇ ಒಂದು ಸಲ ಗೇಮ್‌ನ ಸ್ವಂತ ಲಾಂಚರ್ ತೆರೆದು ಮುಖ್ಯ ಮೆನುವರೆಗೆ ಹೋಗಿ ಬನ್ನಿ; ಅದು ನಿಮ್ಮ ಗ್ರಾಫಿಕ್ಸ್ ಕಾರ್ಡ್ ಗುರುತಿಸಿ ಐಎನ್‌ಐ ಎಂಬ ಸೆಟ್ಟಿಂಗ್ ಫೈಲ್‌ಗಳನ್ನು ಬರೆದುಕೊಳ್ಳುತ್ತದೆ. ಅದಕ್ಕೂ ಮೊದಲು ಹಳೆಯ ಐಎನ್‌ಐಗಳನ್ನು ಅಳಿಸಿ. ಹಳೆಯ ಮಾನಿಟರ್‌ಗೆ ಬರೆದ ಸಂಖ್ಯೆಗಳು ಹೊಸದಕ್ಕೆ ಒಗ್ಗುವುದಿಲ್ಲ. ಜೊತೆಗೆ ಯಾರೋ ಹೇಳಿದರೆಂದು ಆ ಕಾಲದಲ್ಲಿ ತುಂಬಿದ ಟ್ವೀಕ್‌ಗಳು ಈಗ ಉಪದ್ರವ. ಅದರಲ್ಲೂ ಯುಗ್ರಿಡ್ಸ್‌ಟುಲೋಡ್, ಅಂದರೆ ಪಾತ್ರದ ಸುತ್ತ ಎಷ್ಟು ಜಾಗ ಲೋಡ್ ಆಗಬೇಕೆಂಬ ಸಂಖ್ಯೆ, 5ರಲ್ಲೇ ಇರಲಿ. 7 ಅಥವಾ 9 ಮಾಡಿದರೆ ದೂರದ ಗುಡ್ಡ ಚೆಂದ ಕಾಣುತ್ತದೆ, ಆದರೆ ನೀವು ತಲುಪುವ ಮೊದಲೇ ಅಲ್ಲಿನ ಘಟನೆಗಳು ಶುರುವಾಗಿ ಕ್ವೆಸ್ಟ್‌ಗಳ ತಾಳ ತಪ್ಪುತ್ತದೆ. ಒಮ್ಮೆ ಹಾಗೆ ಸೇವ್ ಮಾಡಿದ ಮೇಲೆ ಹಿಂದೆ ಬರುವುದೂ ಕಷ್ಟ.

ಈ ನಡುವೆ ನೀವು 144 ಹರ್ಟ್ಸ್ ಮಾನಿಟರ್ ಕೊಂಡಿರಬಹುದು. ಸ್ಕೈರಿಮ್‌ನ ಭೌತಿಕ ಲೆಕ್ಕಾಚಾರ ಫ್ರೇಮ್‌ರೇಟ್‌ಗೆ ಗಂಟು ಬಿದ್ದಿದೆ. ಗೇಮ್ ಎಣಿಸಿಕೊಂಡಿರುವುದು ಸೆಕೆಂಡಿಗೆ 60 ಫ್ರೇಮ್. ಅದಕ್ಕಿಂತ ಮೇಲೆ ಹೋದರೆ ಮೇಜಿನ ಮೇಲಿನ ತಟ್ಟೆ ಲೋಟಗಳು ತಾವಾಗಿ ಹಾರುತ್ತವೆ, ಆರಂಭದ ದೃಶ್ಯದಲ್ಲಿ ಕೈದಿಗಳ ಬಂಡಿ ಪಲ್ಟಿ ಹೊಡೆಯುತ್ತದೆ. ಬಂಡಿ ಕುಣಿಯುವುದನ್ನು ಒಮ್ಮೆ ನೋಡಲು ಮಜಾ. 60ಕ್ಕೆ ಮಿತಿ ಹಾಕಿದರೆ ಸರಿಹೋಗುತ್ತದೆ. ಹೆಚ್ಚು ಬೇಕಾದರೆ ಎಸ್‌ಎಸ್‌ಇ ಡಿಸ್‌ಪ್ಲೇ ಟ್ವೀಕ್ಸ್ ಮಾಡ್ ಹಾಕಿ. ಅದು ಫ್ರೇಮ್ ಏರಿಳಿದಂತೆ ಭೌತಿಕ ಲೆಕ್ಕವನ್ನೂ ಹೊಂದಿಸುತ್ತ ಹೋಗುತ್ತದೆ. ಐಎನ್‌ಐಯಲ್ಲಿ ಭೌತಿಕ ಲೆಕ್ಕದ್ದಾದ ಹಾವಕ್ ಭಾಗದಲ್ಲಿ ಎಫ್‌ಮ್ಯಾಕ್ಸ್‌ಟೈಮ್ ಬದಲಿಸುವ ಹಳೆಯ ವಿಧಾನವೂ ಇದೆ. 1ನ್ನು ಫ್ರೇಮ್‌ರೇಟ್‌ನಿಂದ ಭಾಗಿಸಿದರೆ ಬರುವ ಸಂಖ್ಯೆ ಅದು: 60ಕ್ಕೆ 0.0166, 120ಕ್ಕೆ 0.0083, 144ಕ್ಕೆ 0.0069. ಆದರೆ ಅದು ಸ್ಥಿರ ಸಂಖ್ಯೆ. ಊರೊಳಗೆ ಫ್ರೇಮ್ ಕುಸಿದಾಗ ಗೇಮ್ ನಿಧಾನವಾಗಿ ಎಳೆದಂತಾಗುತ್ತದೆ.

ಮಾಡ್‌ಗಳ ವಿಷಯದಲ್ಲಿ ಮೊದಲ ವಾರಕ್ಕೆ ಏಳೆಂಟು ಸಾಕು. ಎಸ್‌ಕೆಎಸ್‌ಇ, ಕೋಡ್‌ನ ವಿಳಾಸ ಹುಡುಕಿಕೊಡುವ ಅಡ್ರೆಸ್ ಲೈಬ್ರರಿ, ದೋಷ ತಿದ್ದುವ ಎಂಜಿನ್ ಫಿಕ್ಸಸ್ ಮತ್ತು ಅನಫಿಷಿಯಲ್ ಪ್ಯಾಚ್, ಸ್ಕೈಯುಐ, ಡಿಸ್‌ಪ್ಲೇ ಟ್ವೀಕ್ಸ್, ಗೇಮ್ ಬಿದ್ದಾಗ ವಿವರ ಬರೆದಿಡುವ ಒಂದು ಕ್ರ್ಯಾಶ್ ಲಾಗರ್. ಇವುಗಳಲ್ಲಿ ಜನ ಎಡವುವ ಜಾಗಗಳು ಹೆಚ್ಚುಕಡಿಮೆ ಯಾವಾಗಲೂ ಅವೇ. ಅಡ್ರೆಸ್ ಲೈಬ್ರರಿ 1.5ಕ್ಕೆ ಒಂದು, 1.6ಕ್ಕೆ ಇನ್ನೊಂದು, ತಪ್ಪಿ ಇನ್ನೊಂದನ್ನು ಹಾಕಿದರೆ ಅರ್ಧಕ್ಕರ್ಧ ಮಾಡ್ ಕೈಕೊಡುತ್ತವೆ. ಎಂಜಿನ್ ಫಿಕ್ಸಸ್ ಬರುವುದು ಎರಡು ಭಾಗವಾಗಿ. ಮೊದಲನೆಯದು ಮಾಡ್ ಮ್ಯಾನೇಜರ್ ಮೂಲಕ, ಎರಡನೆಯದನ್ನು ಕೈಯಾರೆ ಬಿಚ್ಚಿ ಎಕ್ಸಿ ಇರುವ ಫೋಲ್ಡರ್‌ಗೆ ಹಾಕಬೇಕು. ಆ ಎರಡನೆಯದನ್ನು ಮರೆಯುವವರೇ ಜಾಸ್ತಿ. ಅನಫಿಷಿಯಲ್ ಪ್ಯಾಚ್‌ನ ಈಚಿನ ಆವೃತ್ತಿಗಳು ಮೇಲೆ ಹೇಳಿದ ನಾಲ್ಕು ಉಚಿತ ಸಾಮಗ್ರಿಗಳನ್ನೂ ಕೇಳುತ್ತವೆ. ಅವು ಇಳಿದಿಲ್ಲದಿದ್ದರೆ ಲೋಗೋ ಬಂದು ಹೋಗುತ್ತಿದ್ದಂತೆ, ಮೆನು ಕಾಣುವ ಮೊದಲೇ ಗೇಮ್ ಬೀಳುತ್ತದೆ. ಮೆನುಗೂ ಮೊದಲು ಬೀಳುವ ಗೇಮ್ ಕಂಡರೆ ಬೇರೆಲ್ಲೂ ಹುಡುಕುವ ಮುನ್ನ ಮಾಸ್ಟರ್ ಫೈಲ್, ಅಂದರೆ ಮಾಡ್ ನೆಚ್ಚಿಕೊಂಡಿರುವ ಫೈಲ್, ಯಾವುದು ಕಾಣೆಯಾಗಿದೆ ನೋಡಿ. ಮಾಡ್ ಮ್ಯಾನೇಜರ್‌ಗಳಾದ ಮಾಡ್ ಆರ್ಗನೈಸರ್ ಆಗಲಿ ವೋರ್ಟೆಕ್ಸ್ ಆಗಲಿ ಅದನ್ನು ಎಚ್ಚರಿಕೆಯ ಗುರುತಿನಲ್ಲಿ ತೋರಿಸುತ್ತವೆ.

ಮುಂದೆ ಸೇರಿಸುವಾಗ ಮೂರು ನಾಲ್ಕು ಹಾಕಿ, ಒಮ್ಮೆ ಓಡಿಸಿ, ಮತ್ತೆ ಮೂರು ನಾಲ್ಕು. ಐವತ್ತು ಒಟ್ಟಿಗೆ ಹಾಕಿದರೆ ಕಳ್ಳ ಯಾರೆಂದು ಹಿಡಿಯುವುದು ಹೇಗೆ? ಪರೀಕ್ಷೆಗೆ ಮುಖ್ಯ ಮೆನುವಿನಲ್ಲೇ ಆಜ್ಞೆ ಬರೆಯುವ ಕನ್ಸೋಲ್ ಪರದೆ ತೆರೆದು ಸಿಒಸಿ ಆಜ್ಞೆಯಿಂದ ನೇರವಾಗಿ ರಿವರ್‌ವುಡ್ ಹಳ್ಳಿಗೆ ಇಳಿಯಬಹುದು. ಆದರೆ ಹಾಗೆ ಇಳಿದ ಆಟವನ್ನು ಮುಂದುವರಿಸಬೇಡಿ, ಆರಂಭದ ಕ್ವೆಸ್ಟ್‌ಗಳು ಅಲ್ಲಿ ಸರಿಯಾಗಿ ಶುರುವಾಗಿರುವುದಿಲ್ಲ. ಪೂರ್ಣ ಪ್ಲಗಿನ್‌ಗಳ ಮಿತಿ 254, ಲೈಟ್ ಪ್ಲಗಿನ್‌ಗಳಿಗೆ ಬೇರೆಯೇ ಲೆಕ್ಕ, 4096. ಮರಳಿ ಬಂದ ಮೊದಲ ತಿಂಗಳಲ್ಲೇ ಈ ಮಿತಿ ಮುಟ್ಟುವವರು ಆಡುವುದಕ್ಕಿಂತ ಜೋಡಿಸುವುದರಲ್ಲೇ ಸುಖ ಕಾಣುವವರು. ಅದೂ ಒಂದು ಹವ್ಯಾಸವೇ, ಬೇಡ ಅನ್ನಲಾಗದು.

ಗೇಮ್ ಒಳಗೆ

ಹಳೆಯ ಪಾತ್ರಕ್ಕೆ ಮರಳಿದವರು ಮೊದಲು ಮನೆಗೆ ಹೋಗಿ ಗಂಟು ಇಳಿಸಿ. ಹೊರುವ ಮಿತಿ ಶುರುವಾಗುವುದು 300ರಿಂದ, ಸ್ಟ್ಯಾಮಿನಾಗೆ ಹಾಕಿದ ಪ್ರತಿ ಲೆವೆಲ್‌ಗೆ 5 ಸೇರುತ್ತದೆ. ಸ್ವಂತ ಮನೆಯ ಪೆಟ್ಟಿಗೆಗಳಲ್ಲಿ ಮಾತ್ರ ಇಡಿ. ದಾರಿಬದಿಯ ಪೀಪಾಯಿ, ಗುಹೆಯ ಪೆಟ್ಟಿಗೆಗಳು ಗೇಮ್‌ನ 10 ದಿನಕ್ಕೆ, ಪೂರ್ತಿ ಗೆದ್ದ ಜಾಗವಾದರೆ 30 ದಿನಕ್ಕೆ ಮರುಹುಟ್ಟು ಪಡೆಯುತ್ತವೆ. ಅಲ್ಲಿ ಇಟ್ಟದ್ದು ಮಾಯ. ಪರ್ಕ್‌ಗಳನ್ನು, ಅಂದರೆ ಲೆವೆಲ್ ಏರಿದಾಗ ಆರಿಸಿಕೊಳ್ಳುವ ವಿಶೇಷ ಶಕ್ತಿಗಳನ್ನು, ಅಡ್ಡಾದಿಡ್ಡಿ ಹಂಚಿದ್ದರೆ 100 ಮುಟ್ಟಿದ ಕೌಶಲವನ್ನು ಲೆಜೆಂಡರಿ ಮಾಡಿ. ಅದು 15ಕ್ಕೆ ಇಳಿದು ಹಾಕಿದ ಪರ್ಕ್ ಅಷ್ಟೂ ವಾಪಸ್ ಬರುತ್ತವೆ. ಡ್ರ್ಯಾಗನ್‌ಬಾರ್ನ್ ಎಂಬ ಹೆಚ್ಚುವರಿ ಕಥೆ ಮುಗಿಸಿದವರಿಗೆ ಇನ್ನೂ ಸುಲಭ, ಒಂದು ಡ್ರ್ಯಾಗನ್ ಆತ್ಮ ಕೊಟ್ಟರೆ ಒಂದು ಕೌಶಲದ ಪರ್ಕ್‌ಗಳು ಬಿಡುಗಡೆ, ಕೌಶಲ ಇಳಿಯುವುದಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಒಂದು ಗುಹೆಯನ್ನು ಮೊದಲ ಸಲ ಹೊಕ್ಕಾಗ ನಿಮ್ಮ ಲೆವೆಲ್ ಎಷ್ಟಿತ್ತೋ ಅದಕ್ಕೆ ತಕ್ಕಂತೆ ಆ ಜಾಗದ ಮಟ್ಟ ನಿಗದಿಯಾಗಿಬಿಡುತ್ತದೆ. 8ನೇ ಲೆವೆಲ್‌ನಲ್ಲಿ ಇಣುಕಿ ಓಡಿಬಂದ ಗುಹೆಗೆ 40ರಲ್ಲಿ ಹೋದರೆ ಅಲ್ಲಿ ಇಲಿ ಹೊಡೆಯುವ ಕೆಲಸ. ಹಳೆಯ ಪಾತ್ರದಲ್ಲಿ ಆಟ ಸಪ್ಪೆ ಅನ್ನಿಸುವುದಕ್ಕೆ ಇದು ದೊಡ್ಡ ಕಾರಣ. ಹೋಗದ ಕಡೆ ಹೋಗಿ. ಬಹುಮಾನದ ಆಯುಧಗಳೂ ಹೀಗೆಯೇ: ಚಿಲ್‌ರೆಂಡ್, ನೈಟಿಂಗೇಲ್ ಬ್ಲೇಡ್‌ಗಳ ಉತ್ತಮ ರೂಪ ಸಿಗುವುದು 46ನೇ ಲೆವೆಲ್ ಆದಮೇಲೆ. ಅದಕ್ಕೂ ಮೊದಲು ಪಡೆದದ್ದು ಆಮೇಲೆ ಬೆಳೆಯುವುದಿಲ್ಲ.

ಕಷ್ಟದ ಮಟ್ಟ ಏರಿಸಿದರೆ ರುಚಿ ಬರುತ್ತದೆ ಅಂದುಕೊಳ್ಳುತ್ತಾರೆ. ಅಡೆಪ್ಟ್ ಎಂಬ ಸಾಮಾನ್ಯ ಮಟ್ಟದಲ್ಲಿ ಕೊಡುವ ಏಟು, ತಿನ್ನುವ ಏಟು ಎರಡೂ 1 ಪಟ್ಟು. ಎಕ್ಸ್‌ಪರ್ಟ್‌ನಲ್ಲಿ 0.75 ಮತ್ತು 1.5, ಮಾಸ್ಟರ್‌ನಲ್ಲಿ 0.5 ಮತ್ತು 2, ಲೆಜೆಂಡರಿಯಲ್ಲಿ 0.25 ಮತ್ತು 3. ಶತ್ರು ಜಾಣನಾಗುವುದಿಲ್ಲ, ಸಾಯಲು ನಾಲ್ಕು ಪಟ್ಟು ಹೊತ್ತು ತೆಗೆದುಕೊಳ್ಳುತ್ತಾನೆ ಅಷ್ಟೇ. ಎಕ್ಸ್‌ಪರ್ಟ್ ದಾಟುವ ಅಗತ್ಯವಿಲ್ಲ. ಬಿಗಿ ಬೇಕೆಂದರೆ ಸರ್ವೈವಲ್ ಮೋಡ್ ಹಾಕಿ ನೋಡಿ. ಫಾಸ್ಟ್ ಟ್ರಾವೆಲ್ ಇಲ್ಲ, ಗಾಯ ತಾನಾಗಿ ಮಾಯುವುದಿಲ್ಲ, ಹೊರುವ ಮಿತಿಯಲ್ಲಿ 100 ಕಡಿತ, ಮಲಗಿ ಎದ್ದರೆ ಮಾತ್ರ ಲೆವೆಲ್ ಏರಿಕೆ. ಬಾಯಿಪಾಠವಾಗಿದ್ದ ದಾರಿಗಳೇ ಆಗ ಯೋಚನೆ ಮಾಡಿ ಹೊರಡಬೇಕಾದ ಪ್ರಯಾಣವಾಗುತ್ತವೆ. ಮರಳಿ ಬಂದವರಿಗೆ ಇದಕ್ಕಿಂತ ಒಳ್ಳೆಯ ಮದ್ದು ಕಾಣೆ.

ಹೊಸ ಪಾತ್ರ ಶುರು ಮಾಡುವವರೆಲ್ಲ ಈ ಸಲ ಮಂತ್ರವಾದಿ, ಈ ಸಲ ದೊಡ್ಡ ಕೊಡಲಿ ಎಂದು ಹೊರಟು ಹದಿನೈದನೇ ಲೆವೆಲ್‌ಗೆ ಮತ್ತೆ ಕತ್ತಲಲ್ಲಿ ಕೂತು ಬಿಲ್ಲು ಎಳೆಯುತ್ತಿರುತ್ತಾರೆ. ಹಳೇ ಗಂಡನ ಪಾದವೇ ಗತಿ. ಕಾರಣ ಲೆಕ್ಕದಲ್ಲೇ ಇದೆ. ಅಡಗಿ ಬಿಟ್ಟ ಬಾಣಕ್ಕೆ 2 ಪಟ್ಟು ಪೆಟ್ಟು, ಡೆಡ್ಲಿ ಏಮ್ ಪರ್ಕ್ ಸಿಕ್ಕರೆ 3 ಪಟ್ಟು, ಅದೂ ಯಾರೂ ಮುಟ್ಟಲಾಗದ ದೂರದಿಂದ. ಅಡಗುವುದೇ ಇಷ್ಟವಾದರೆ ಬಿಲ್ಲು ಬಿಟ್ಟು ಕಠಾರಿ ಹಿಡಿಯಿರಿ: ಅಸ್ಯಾಸಿನ್ಸ್ ಬ್ಲೇಡ್ ಪರ್ಕ್‌ನಿಂದ 15 ಪಟ್ಟು, ಡಾರ್ಕ್ ಬ್ರದರ್‌ಹುಡ್‌ನ ಕೈಗವಸು ತೊಟ್ಟರೆ 30. ಹತ್ತಿರ ಹೋಗಲೇಬೇಕಾದ್ದರಿಂದ ಎದೆ ಡವಗುಟ್ಟುವುದು ಉಳಿಯುತ್ತದೆ.

ಮಂತ್ರವಾದಿ ಸೋಲುವುದಕ್ಕೂ ಕಾರಣವಿದೆ. ಹಾನಿ ಮಾಡುವ ಮಂತ್ರಗಳ ಡಿಸ್ಟ್ರಕ್ಷನ್ ಕೌಶಲ ಏರಿದರೆ ಮಂತ್ರದ ಖರ್ಚು ಇಳಿಯುತ್ತದೆಯೇ ಹೊರತು ಪೆಟ್ಟು ಏರುವುದಿಲ್ಲ. ಉಡುಪಿಗೆ ಹಾಕಿದ ಮಾಟವೂ ಖರ್ಚನ್ನೇ ಇಳಿಸುವುದು. ಪೆಟ್ಟು ಹೆಚ್ಚಬೇಕಾದರೆ ಪರ್ಕ್ ಬೇಕು, ಇಲ್ಲವೇ ಆಲ್ಕೆಮಿಯ ಫೋರ್ಟಿಫೈ ಡಿಸ್ಟ್ರಕ್ಷನ್ ಮದ್ದು ಬೇಕು. ಎರಡೂ ಕೈಯಿಂದ ಒಟ್ಟಿಗೆ ಎಸೆಯುವುದನ್ನು ಕಲಿತು ಇಂಪ್ಯಾಕ್ಟ್ ಪರ್ಕ್ ಪಡೆದರೆ ಎದುರಾಳಿ ತತ್ತರಿಸುತ್ತಲೇ ಇರುತ್ತಾನೆ. ಕವಚ ತೊಡದವರು ಆಲ್ಟರೇಷನ್ ಕೌಶಲದ ಮೇಜ್ ಆರ್ಮರ್ ಪರ್ಕ್‌ಗೆ ಮೊದಲೇ ಅಂಕ ಹಾಕಲಿ. ಕವಚ ತೊಟ್ಟವರಿಗೆ ಗಮ್ಯ ಕವಚದ ಅಂಕಿ 567. ಗುರಾಣಿ ಇಲ್ಲದೆ ನಾಲ್ಕೂ ಭಾಗ ತೊಟ್ಟು ಆ ಅಂಕಿ ಮುಟ್ಟಿದರೆ ಪೆಟ್ಟಿನ ಶೇ 80 ಕಡಿತ. ಅದರ ಮೇಲೆ ಎಷ್ಟು ಬಡಿದು ಗಟ್ಟಿ ಮಾಡಿದರೂ ವ್ಯರ್ಥ.

ಕಥೆಯೆಲ್ಲ ಗೊತ್ತಿರುವವರು ಒಂದು ಪ್ರಯೋಗ ಮಾಡಬಹುದು. ಬ್ಲೀಕ್ ಫಾಲ್ಸ್ ಬ್ಯಾರೋ ಎಂಬ ಹಳೆಯ ಸಮಾಧಿಯಿಂದ ಡ್ರ್ಯಾಗನ್‌ಸ್ಟೋನ್ ಎಂಬ ಕಲ್ಲು ತಂದರೂ ವೈಟ್‌ರನ್ ಊರಿನ ಆಸ್ಥಾನ ಮಂತ್ರವಾದಿ ಫಾರೆಂಗರ್ ಕೈಗೆ ಕೊಡಬೇಡಿ. ವೈಟ್‌ರನ್‌ನ ಪಶ್ಚಿಮ ಕಾವಲುಗೋಪುರದ ಕಾಳಗ ನಡೆಯುವವರೆಗೆ ಬಯಲಲ್ಲಿ ಡ್ರ್ಯಾಗನ್‌ಗಳು ಎರಗುವುದಿಲ್ಲ, ಹಳ್ಳಿಯ ವ್ಯಾಪಾರಿಗಳು ಅವುಗಳ ಬಾಯಿಗೆ ಬಿದ್ದು ಸಾಯುವುದಿಲ್ಲ. ಯೋಧರ ಗುಂಪಾದ ಕಂಪ್ಯಾನಿಯನ್ಸ್, ಮಂತ್ರವಾದಿಗಳ ವಿಂಟರ್‌ಹೋಲ್ಡ್ ಕಾಲೇಜು, ರಿಫ್ಟನ್‌ನ ಕಳ್ಳರ ಕೂಟ ಇವುಗಳ ಕ್ವೆಸ್ಟ್‌ಗಳನ್ನೆಲ್ಲ ಆ ಕಲ್ಲು ಚೀಲದಲ್ಲಿರುವಾಗಲೇ ಮುಗಿಸಬಹುದು. ಕ್ವೆಸ್ಟ್ ವಸ್ತುವಾದ್ದರಿಂದ ಅದರ ತೂಕ ಹೊರೆಯ ಲೆಕ್ಕಕ್ಕೆ ಬರುವುದಿಲ್ಲ. 10ನೇ ಲೆವೆಲ್ ಆದಮೇಲೆ ಡಾನ್‌ಗಾರ್ಡ್ ಕಥೆಯ ರಕ್ತಪಿಶಾಚಿಗಳು ಮಾತ್ರ ರಾತ್ರಿ ಹೊತ್ತು ಊರಿಗೆ ನುಗ್ಗಲು ಶುರುಮಾಡುತ್ತವೆ. ಕತ್ತಲಾದ ಮೇಲೆ ಫಾಸ್ಟ್ ಟ್ರಾವೆಲ್ ಮಾಡಿ ಊರ ಬಾಗಿಲಲ್ಲಿ ಇಳಿಯದಿದ್ದರೆ ಅಂಗಡಿಯವರು ಹೆಚ್ಚು ದಿನ ಬದುಕುತ್ತಾರೆ.